ಮಷಿನ್ ಕೊಟೇಶನ್‌ಗಿಂತ ಮೊದಲು ಗಿರಾಕಿ ಮನೆ ನೋಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಓದಿದೆ. ನಮ್ಮ ವಿಜಯಪುರದ ಒಂದು ಕಾಲೇಜಿನಲ್ಲಿ ಹೊಸ ಉದ್ಯಮ ಶುರು ಮಾಡುವವರಿಗೆ ‘ಡಿಸೈನ್ ಥಿಂಕಿಂಗ್’ ಕಾರ್ಯಾಗಾರ ನಡೆಯಿತಂತೆ. ಬಳಸುವವರ ತೊಂದರೆ ನೋಡಿ, ಅದಕ್ಕೆ ತಕ್ಕಂತೆ ಮಾಲು ಮಾಡುವ ವಿಧಾನ ಅದು. ಫೋಟೋದಲ್ಲಿ ಗೋಡೆ ತುಂಬಾ ಹಳದಿ, ಗುಲಾಬಿ ಬಣ್ಣದ ಚೀಟಿಗಳು. ಅದರ ಮುಂದೆ ಶಾಲು ಹೊದ್ದ ಅತಿಥಿಗಳು. ಕೊನೆಯ ಸಾಲಿನಲ್ಲಿ ಹೀಗಿತ್ತು: ಶಿಬಿರಾರ್ಥಿಗಳು ನೂರಕ್ಕೂ ಹೆಚ್ಚು ಹೊಸ ಐಡಿಯಾಗಳನ್ನು ಕೊಟ್ಟರು.

ಕಾರ್ಯಾಗಾರ ಮಾಡಿದ್ದು ಒಳ್ಳೆಯದೇ ಆಯಿತು. ಆದರೆ ಆ ಕೊನೆಯ ಸಾಲು ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ಐಡಿಯಾ ಸಾಲದೆ ಮುಚ್ಚಿಹೋದ ಒಂದು ಧಂದೆಯನ್ನೂ ನಾನು ಈ ಜಿಲ್ಲೆಯಲ್ಲಿ ನೋಡಿಲ್ಲ. ಗಿರಾಕಿ ಸಿಗದೆ ಮುಚ್ಚಿದವು ಬೇಕಾದಷ್ಟಿವೆ. ಶೆಡ್ಡಿಗೆ ಬೀಗ. ಒಳಗೆ ಪ್ಲಾಸ್ಟಿಕ್ ಹೊದಿಕೆಯನ್ನೂ ಪೂರ್ತಿ ಬಿಚ್ಚದ ಮಷಿನ್. ಹೊರಗೆ ಗೋಡೆ ಮೇಲೆ ಯೋಜನೆಯ ಹೆಸರು ಬರೆದ ಬೋರ್ಡು. ಸಿಂದಗಿ ರಸ್ತೆ ಹಿಡಿದರೂ ಸಿಗುತ್ತವೆ, ಜಮಖಂಡಿ ರಸ್ತೆ ಹಿಡಿದರೂ ಸಿಗುತ್ತವೆ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನೌಕರಿಯ ಬಹುಪಾಲು ಸಾಲದ ಟೇಬಲ್ಲಿನಲ್ಲೇ ಕಳೆಯಿತು. 2008ರಲ್ಲಿ, ಸ್ವಂತ ಉದ್ಯೋಗ ಹೂಡುವವರಿಗೆ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ ಪಿಎಂಇಜಿಪಿ ಬಂತು. 2020ರಲ್ಲಿ ಆಹಾರದ ಸಣ್ಣ ಉದ್ಯಮಗಳಿಗೆ ಅಂತ ಪಿಎಂಎಫ್‌ಎಂಇ ಬಂತು. ಯೋಜನೆಯ ಹೆಸರು ಬದಲಾಯಿತು, ಸಬ್ಸಿಡಿಯ ಲೆಕ್ಕ ಬದಲಾಯಿತು. ಅರ್ಜಿಯ ಜೊತೆ ಬರುವ ಪ್ರಾಜೆಕ್ಟ್ ರಿಪೋರ್ಟ್ ಮಾತ್ರ ಹಾಗೇ ಉಳಿಯಿತು.

ಆ ರಿಪೋರ್ಟ್ ಹೇಗಿರುತ್ತದೆ ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ. ಸ್ಪೈರಲ್ ಬೈಂಡಿಂಗ್. ಮೊದಲ ಪುಟದಲ್ಲಿ ಅರ್ಜಿದಾರರ ಫೋಟೋ. ಆಮೇಲೆ ಮಷಿನ್ ಕೊಟೇಶನ್, ಎಷ್ಟು ಎಚ್‌ಪಿ ಕರೆಂಟು, ಎಷ್ಟು ಚದರಡಿ ಶೆಡ್ಡು, ಎಷ್ಟು ಜನ ಕೂಲಿ. ಅದಾದ ಮೇಲೆ ಐದು ವರ್ಷದ ಲಾಭ. ಮೊದಲ ವರ್ಷ ಮಷಿನ್ ಶೇ 60ರಷ್ಟು ನಡೆಯುತ್ತದೆ, ಎರಡನೇ ವರ್ಷ ಶೇ 70, ಮೂರನೇ ವರ್ಷ ಶೇ 80. ಶಾವಿಗೆ ಇರಲಿ, ಪೇಪರ್ ಪ್ಲೇಟ್ ಇರಲಿ, ಸಿಮೆಂಟ್ ಇಟ್ಟಿಗೆ ಇರಲಿ, ಇದೇ 60, 70, 80. ಯಾಕೆ ಅಂತ ಕೇಳಿದರೆ ಬರೆದುಕೊಡುವವರು ನಗುತ್ತಾರೆ. ‘ಎಲ್ಲಾರೂ ಹಂಗ ಹಾಕ್ತಾರ್ರಿ ಸಾಹೇಬ್ರ.’

ಒಮ್ಮೆ ಸಿಂದಗಿ ಕಡೆಯ ಹುಡುಗನೊಬ್ಬ ತಂದ ರಿಪೋರ್ಟಿನಲ್ಲಿ ‘ಕಚ್ಚಾ ಗೋಡಂಬಿ ಸ್ಥಳೀಯವಾಗಿ ಹೇರಳವಾಗಿ ದೊರೆಯುತ್ತದೆ’ ಅಂತ ಇತ್ತು. ಸಿಂದಗಿಯಲ್ಲಿ! ಅವನು ಹಾಕಬೇಕು ಅಂತಿದ್ದದ್ದು ಖಾರದಪುಡಿ ಗಿರಣಿ. ಕರಾವಳಿಯ ಯಾರದೋ ರಿಪೋರ್ಟನ್ನು ತಿದ್ದುವಾಗ ಒಂದು ಸಾಲು ಉಳಿದುಬಿಟ್ಟಿತ್ತು. ಓದಿ ತೋರಿಸಿದರೆ ಹುಡುಗ ನನಗಿಂತ ಜೋರಾಗಿ ನಕ್ಕ.

ಇಷ್ಟು ದಪ್ಪ ರಿಪೋರ್ಟಿನಲ್ಲಿ ಕೊಳ್ಳುವವರು ಯಾರು ಅನ್ನುವುದಕ್ಕೆ ಒಂದೇ ಸಾಲು: ‘ಈ ಉತ್ಪನ್ನಕ್ಕೆ ಸ್ಥಳೀಯ ಮಾರುಕಟ್ಟೆಯಲ್ಲಿ ಉತ್ತಮ ಬೇಡಿಕೆ ಇದೆ.’ ಯಾರ ಬೇಡಿಕೆ? ನೋಡಿ ಬಂದವರು ಯಾರು? ಫಾರ್ಮಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಮಂಟಪ ಬುಕ್ ಮಾಡಿ, ಬಾಜಾ ಬಜಂತ್ರಿಯವರಿಗೆ ಅಡ್ವಾನ್ಸ್ ಕೊಟ್ಟು, ಆಮೇಲೆ ಹೆಣ್ಣು ನೋಡಲು ಹೊರಟಂತೆ. ಪಿಎಂಇಜಿಪಿಯಲ್ಲಿ ಸಬ್ಸಿಡಿ ಹಣ ಮೂರು ವರ್ಷ ಬ್ಯಾಂಕಿನಲ್ಲೇ ಡಿಪಾಸಿಟ್ ಆಗಿ ಕೂತಿರುತ್ತದೆ, ಆಮೇಲೆ ಸಾಲಕ್ಕೆ ಹೊಂದಿಕೆಯಾಗುತ್ತದೆ. ಆ ಮೂರು ವರ್ಷ ಹೇಗೋ ತಳ್ಳಿ, ಸಬ್ಸಿಡಿ ಹೊಂದಿಕೆಯಾದ ಮೇಲೆ ಬೀಗ ಹಾಕಿದವರನ್ನೂ ನೋಡಿದ್ದೇನೆ. ಅವರೆಲ್ಲ ಮೋಸಗಾರರಲ್ಲ. ಮಾಡಿದ ಮಾಲು ಹೋಗಲಿಲ್ಲ, ಅಷ್ಟೇ.

ಡಿಸೈನ್ ಥಿಂಕಿಂಗ್ ನಮಗೆ ಉಪಯೋಗಕ್ಕೆ ಬರಬೇಕಾದದ್ದು ಈ ಒಂದೇ ಸಾಲಿನ ಜಾಗದಲ್ಲಿ. ಅದರ ಬಗ್ಗೆ ನಾನು ಓದಿದ್ದು ನಿವೃತ್ತಿಯಾದ ಮೇಲೆ, ಮನೆಯ ಹುಡುಗಿಯ ಕಾಲೇಜು ಪುಸ್ತಕ ನೋಡಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇದನ್ನು ಕಲಿಸಲು ‘ಡಿ.ಸ್ಕೂಲ್’ ಅಂತ ಒಂದು ಶಾಲೆಯೇ ಇದೆ. ಅವರು ಹೇಳುವುದು ಐದು ಹೆಜ್ಜೆ. ಯಾರಿಗಾಗಿ ಮಾಡುತ್ತೇವೋ ಅವರಿರುವಲ್ಲಿಗೆ ಹೋಗಿ, ಇದ್ದು, ನೋಡುವುದು ಮೊದಲನೆಯದು. ನೋಡಿದ್ದರಿಂದ ನಿಜವಾದ ತೊಂದರೆ ಯಾವುದು ಅಂತ ಗೊತ್ತುಮಾಡಿಕೊಳ್ಳುವುದು ಎರಡನೆಯದು. ಐಡಿಯಾ ಬರುವುದು ಆಮೇಲೆ. ನಂತರ ಕೈಗೆ ಸಿಕ್ಕ ಸಾಮಾನಿನಲ್ಲಿ ಒಂದು ಮಾದರಿ ಮಾಡಿ, ಅದನ್ನು ಅವರ ಕೈಗೇ ಕೊಟ್ಟು ನೋಡುವುದು. ಸರಿ ಬರದಿದ್ದರೆ ಹಿಂದಿನ ಹೆಜ್ಜೆಗೆ ಹೋಗುವುದು. ಚೀಟಿ ಅಂಟಿಸುವುದು ಮೂರನೆಯ ಹೆಜ್ಜೆಯ ಕೆಲಸ, ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ನಮ್ಮ ಕಾರ್ಯಾಗಾರಗಳಲ್ಲಿ ನಡೆಯುವುದು ಅದೊಂದೇ. ಯಾಕೆಂದರೆ ಅದನ್ನು ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಕೂತು ಮಾಡಬಹುದು, ಫೋಟೋ ಚೆಂದ ಬರುತ್ತದೆ.

ಆ ಶಾಲೆಯಿಂದಲೇ ಬಂದ ಒಂದು ಕೆಲಸದ ಬಗ್ಗೆ ಹೇಳಬೇಕು. 2007ರಲ್ಲಿ ವಿದ್ಯಾರ್ಥಿಗಳ ಒಂದು ತಂಡಕ್ಕೆ ಕಡಿಮೆ ಬೆಲೆಯ ಇನ್‌ಕ್ಯುಬೇಟರ್ ಮಾಡಿ ಅಂತ ಕೊಟ್ಟರು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಅದು. ಒಳಗಿನ ಭಾಗ ಕಡಿಮೆ ಮಾಡಿದರೆ ಅಗ್ಗವಾಗುತ್ತದೆ ಅಂತ ಯಾರಿಗಾದರೂ ಅನಿಸುವುದು ಸಹಜ. ತಂಡದವನೊಬ್ಬ ನೇಪಾಳಕ್ಕೆ ಹೋಗಿ ನೋಡಿದರೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು ಖಾಲಿ ಬಿದ್ದಿದ್ದವು. ಕೂಸುಗಳು ಹುಟ್ಟುತ್ತಿದ್ದದ್ದು ದೂರದ ಹಳ್ಳಿಯ ಮನೆಗಳಲ್ಲಿ. ಅಲ್ಲಿಂದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಪೆಟ್ಟಿಗೆಯ ಯೋಚನೆ ಅಲ್ಲಿಗೇ ಮುಗಿಯಿತು. ಕರೆಂಟ್ ಇಲ್ಲದೆ ಕೆಲವು ಗಂಟೆ 37 ಡಿಗ್ರಿ ಬಿಸಿ ಹಿಡಿದಿಡುವ, ಮೇಣದಂಥ ಪದಾರ್ಥ ಹಾಕಿದ ಒಂದು ಸಣ್ಣ ಹಾಸಿಗೆ ಚೀಲ ಮಾಡಿದರು. ‘ಎಂಬ್ರೇಸ್’ ಅಂತ ಅದರ ಹೆಸರು. ಆ ತಂಡ ಮುಂದೆ ನಮ್ಮ ಬೆಂಗಳೂರಿಗೇ ಬಂದು ಕೆಲಸ ಮಾಡಿತು.

ನನಗೆ ಜಾಸ್ತಿ ಹಿಡಿಸಿದ್ದು ಆಮೇಲಿನ ಒಂದು ಸಂಗತಿ. ಮಾದರಿಯನ್ನು ಮಹಾರಾಷ್ಟ್ರದ ಒಂದು ಊರಿಗೆ ಒಯ್ದಾಗ ಒಬ್ಬ ತಾಯಿ, ಡಾಕ್ಟರು 37ಕ್ಕೆ ಬಿಸಿ ಮಾಡು ಅಂದರೆ ನಾನು 30ಕ್ಕೇ ನಿಲ್ಲಿಸುತ್ತೇನೆ ಅಂದಳಂತೆ. ಇಂಗ್ಲಿಷ್ ಔಷಧ ಬಲು ಖಡಕ್, ಕೂಸಿಗೆ ಅಷ್ಟು ತಡೆಯುವುದಿಲ್ಲ ಅನ್ನುವುದು ಅವಳ ಲೆಕ್ಕ. ನಮ್ಮ ಮನೆಗಳಲ್ಲೂ ಇದೇ ಲೆಕ್ಕ ಅಲ್ವಾ? ಟಾನಿಕ್ ಎರಡು ಚಮಚ ಅಂತ ಬರೆದಿದ್ದರೆ ಒಂದೇ ಚಮಚ ಕುಡಿಸುವ ಅಜ್ಜಿಯರು ನಮ್ಮಲ್ಲೂ ಇದ್ದಾರೆ. ತಂಡದವರು ಅಂಕಿಯನ್ನೇ ತೆಗೆದುಹಾಕಿದರು. ಸಾಕಷ್ಟು ಬಿಸಿಯಾಯಿತು ಅಂದರೆ ‘ಓಕೆ’ ಅಂತ ತೋರಿಸುವ ಗುರುತು ಮಾತ್ರ ಇಟ್ಟರು. ಹಾಲ್‌ನಲ್ಲಿ ಕೂತು ಎಷ್ಟು ಚೀಟಿ ಅಂಟಿಸಿದರೂ ಈ ಅರ್ಧ ಡೋಸಿನ ಸಂಗತಿ ಯಾರ ತಲೆಗೂ ಹೊಳೆಯುತ್ತಿರಲಿಲ್ಲ.

ಅಮೆರಿಕದ ಮಾತು ಸಾಕು. ನಮ್ಮ ಓಣಿಯಲ್ಲಿ ಒಬ್ಬ ಹೆಣ್ಣುಮಗಳು ರೊಟ್ಟಿ ಕೇಂದ್ರ ನಡೆಸುತ್ತಾಳೆ. ಆಕೆ ಮತ್ತು ಇನ್ನು ನಾಲ್ಕೈದು ಜನ ಹೆಂಗಸರು ಬೆಳಗಿನ ಜಾವದಿಂದ ಕೂತು ರೊಟ್ಟಿ ಬಡಿಯುತ್ತಾರೆ. ಮಾಲ್ದಂಡಿ ಜೋಳ, ಕುದಿಯುವ ಎಸರು, ಕಟ್ಟಿಗೆ ಒಲೆ. ಖಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಮಾಲು ಹೋಗುವುದು ಎರಡು ಕಡೆ. ಊರಿನ ಖಾನಾವಳಿಗಳಿಗೆ ಒಂದಿಷ್ಟು. ಬೆಂಗಳೂರು, ಪುಣೆಯಲ್ಲಿ ಓದುವ, ನೌಕರಿ ಮಾಡುವ ನಮ್ಮ ಹುಡುಗರಿಗೆ ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ಒಂದಿಷ್ಟು.

ಒಂದು ದಿನ ಆಕೆ ರೊಟ್ಟಿ ಮಷಿನ್ನಿನ ಕೊಟೇಶನ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ನಾಲ್ಕೈದು ಲಕ್ಷದ ಮಷಿನ್ನು.

‘ಕಾಕಾರ, ಇದೊಂದು ಬಂದ್ರ ದಿನಕ್ಕ ಸಾವಿರಗಟ್ಲೆ ರೊಟ್ಟಿ ಆಕ್ಕಾವ್ರಿ. ಸಬ್ಸಿಡಿನೂ ಐತಂತ. ಅರ್ಜಿ ಹೆಂಗ ಬರೀಬೇಕು ಹೇಳ್ರಿ.’

‘ಅಲ್ಲ ತಂಗಿ, ಸಾವಿರ ರೊಟ್ಟಿ ತಿನ್ನಾವ್ರು ಯಾರು?’

‘ರೊಟ್ಟಿ ಯಾರ್ ಬ್ಯಾಡಂತಾರ್ರಿ?’

ಆಕೆಯ ಮಾತಿನಲ್ಲೂ ಹುರುಳಿದೆ. ನಮ್ಮ ಸೀಮೆಯಲ್ಲಿ ರೊಟ್ಟಿ ಬೇಡ ಅನ್ನುವವರು ಯಾರಿದ್ದಾರೆ? ಆದರೆ ಒಂದು ಸಂಗತಿ ನನ್ನನ್ನು ಕೊರೆಯುತ್ತಿತ್ತು. ಬೆಂಗಳೂರಿನ ಹುಡುಗರು ಒಮ್ಮೆ ತರಿಸುತ್ತಾರೆ, ಆಮೇಲೆ ಎರಡು ಮೂರು ತಿಂಗಳು ಸುದ್ದಿಯೇ ಇಲ್ಲ. ಫೋನ್ ಮಾಡಿ ಕೇಳಿದರೆ ‘ಛಲೋ ಅದಾವ್ರಿ ಅತ್ತಿ’ ಅನ್ನುತ್ತಾರೆ. ಇದು ನಮ್ಮ ಕಡೆಯ ಮರ್ಯಾದೆ. ಮನೆಗೆ ಕರೆದು ಊಟ ಹಾಕಿದವರ ಎದುರು ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂತ ಯಾರು ಹೇಳುತ್ತಾರೆ? ಕಾಲೇಜು ಹುಡುಗರು ಫಾರ್ಮ್ ಹಿಡಿದು ಸರ್ವೆ ಮಾಡಿದರೂ ಬರುವುದು ಇದೇ ‘ಛಲೋ ಐತ್ರಿ’. ಆ ಫಾರ್ಮ್‌ಗಳನ್ನು ಒಟ್ಟು ಹಾಕಿ ಶೇ 95 ಗ್ರಾಹಕರಿಗೆ ತೃಪ್ತಿ ಅಂತ ಸ್ಲೈಡ್ ತೋರಿಸುತ್ತಾರೆ. ಆದ್ದರಿಂದಲೇ ಕೇಳುವುದಕ್ಕಿಂತ ನೋಡುವುದು ಮೇಲು ಅಂತ ನನ್ನ ಅನಿಸಿಕೆ.

ಮಗನ ಮನೆಗೆ ಬೆಂಗಳೂರಿಗೆ ಹೋದಾಗ ಆಕೆಯ ಗಿರಾಕಿ ಹುಡುಗರ ರೂಮಿಗೂ ಹೋಗಿ ಕೂತೆ. ಜಮಖಂಡಿಯವನೊಬ್ಬ, ತಾಳಿಕೋಟೆಯವರಿಬ್ಬರು. ಮಳೆಗಾಲ. 25 ರೊಟ್ಟಿಯ ಕಟ್ಟು ಮಂಚದ ಕೆಳಗಿತ್ತು. ಕವರ್ ಬಿಚ್ಚಿ, ಬಾಯಿಗೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿದ್ದರು. ಒಂದು ರೊಟ್ಟಿ ತೆಗೆದು ಮುರಿಯಲು ಹೋದೆ. ಮುರಿಯಲಿಲ್ಲ, ಮಡಚಿತು. ನಮ್ಮ ಒಣ ಹವೆಯಲ್ಲಿ ತಿಂಗಳುಗಟ್ಟಲೆ ಖಡಕ್ ಆಗಿರುವ ರೊಟ್ಟಿ ಅಲ್ಲಿ ಕವರ್ ಬಿಚ್ಚಿದ ಎರಡು ಮೂರು ದಿನಕ್ಕೆ ತೇವ ಎಳೆದುಕೊಂಡು ಚರ್ಮದಂತಾಗುತ್ತದೆ. ಮೂರು ಹೊತ್ತೂ ರೊಟ್ಟಿ ತಿನ್ನುವ ಮನೆಯಲ್ಲ ಅದು. ರಾತ್ರಿ ಮಾತ್ರ ಒಂದೊಂದು ತಿನ್ನುತ್ತಾರೆ. ಕಟ್ಟು ಮುಗಿಯುವಷ್ಟರಲ್ಲಿ ಅರ್ಧ ಮೆತ್ತಗಾಗಿರುತ್ತದೆ. ಬಿಸಿ ಮಾಡಲು ಆ ರೂಮಿನಲ್ಲಿ ಗ್ಯಾಸ್ ಇಲ್ಲ. ಹುಡುಗರು ಪಾಪ, ಮಜ್ಜಿಗೆಯಲ್ಲಿ ನೆನೆಸಿ ತಿಂದು, ಉಳಿದದ್ದನ್ನು ಗುಟ್ಟಾಗಿ ದನಕ್ಕೆ ಹಾಕಿ, ಫೋನಿನಲ್ಲಿ ಛಲೋ ಅದಾವ ಅನ್ನುತ್ತಿದ್ದರು.

ಇಲ್ಲಿ ಮಜಾ ಏನೆಂದರೆ, ಊರಲ್ಲಿ ನಾವೆಲ್ಲ ಅಂದುಕೊಂಡ ತೊಂದರೆ ಬೇರೆಯೇ ಇತ್ತು. ಬಸ್ಸಿನಲ್ಲಿ ರೊಟ್ಟಿ ಮುರಿಯುತ್ತವೆ, ಅದಕ್ಕೇ ಗಿರಾಕಿ ಬಿಡುತ್ತಾರೆ ಅಂತ ಆಕೆಗೂ ಅನಿಸಿತ್ತು, ನನಗೂ ಅನಿಸಿತ್ತು. ಹುಡುಗರು ಮುರಿದ ರೊಟ್ಟಿಯ ಬಗ್ಗೆ ತಲೆಯನ್ನೇ ಕೆಡಿಸಿಕೊಂಡಿರಲಿಲ್ಲ. ಹೇಗಿದ್ದರೂ ಮುರಿದೇ ತಿನ್ನಬೇಕಲ್ಲ!

ಐದು ರೊಟ್ಟಿಯ ಸಣ್ಣ ಕಟ್ಟು ಮಾಡಿ, ಒಂದೊಂದು ಕಟ್ಟನ್ನೂ ಬೇರೆ ಸೀಲ್ ಮಾಡೋಣ ಅಂತ ಆಕೆಯೇ ಹೇಳಿದಳು. ಮೊದಲಿಗೆ ಸೀಲಿಂಗ್ ಮಷಿನ್ ಕೊಳ್ಳಲಿಲ್ಲ. ಪಕ್ಕದ ಓಣಿಯಲ್ಲಿ ಒಣದ್ರಾಕ್ಷಿ ಪ್ಯಾಕ್ ಮಾಡುವವರ ಹತ್ತಿರ ಕೈಯಿಂದ ಒತ್ತುವ ಸೀಲರ್ ಇತ್ತು, ಅದನ್ನೇ ಒಂದು ಸಂಜೆಗೆ ಕೇಳಿ ತಂದರು. ಮೊದಲ ಮಾದರಿ ಕೆಟ್ಟಿತು. ಖಡಕ್ ರೊಟ್ಟಿಯ ಅಂಚು ಎಷ್ಟು ಚೂಪು ಅಂದರೆ ತೆಳು ಕವರಿಗೆ ತೂತು ಬೀಳುತ್ತಿತ್ತು. ತೂತು ಬಿದ್ದ ಮೇಲೆ ಸೀಲ್ ಹಾಕಿ ಏನು ಪ್ರಯೋಜನ? ಸುತ್ತ ಕಾಗದ ಸುತ್ತಿ ನೋಡಿದರು. ಕಾಗದವೇ ತೇವ ಹಿಡಿಯಿತು. ಕೊನೆಗೆ ದಪ್ಪ ಕವರ್, ಮೇಲೆ ಕೆಳಗೆ ಒಂದೊಂದು ದುಂಡನೆ ರಟ್ಟು. ಅದನ್ನು ಅದೇ ಹುಡುಗರಿಗೆ ಕಳಿಸಿ, ‘ಹೆಂಗದಾವ ಅಂತ ಹೇಳಬ್ಯಾಡ್ರಿ, ಹತ್ತು ದಿನ ಆದ ಮ್ಯಾಲ ಉಳಿದದ್ದನ್ನ ಮುರಿದು ವಿಡಿಯೊ ಮಾಡಿ ಕಳಸ್ರಿ’ ಅಂದಳು. ಈ ಉಪಾಯ ನನ್ನದಲ್ಲ, ಪೂರ್ತಿ ಆಕೆಯದು. ವಿಡಿಯೊದಲ್ಲಿ ರೊಟ್ಟಿ ಮುರಿದ ಸದ್ದು ಕೇಳಿ ಅಡುಗೆಮನೆಯಲ್ಲಿದ್ದ ಹೆಂಗಸರೆಲ್ಲ ನಕ್ಕರು.

ಎಲ್ಲಾ ಸಲೀಸಾಯಿತು ಅಂತ ತಿಳಿಯಬೇಡಿ. ಖಾನಾವಳಿಯವರಿಗೆ ಸಣ್ಣ ಕಟ್ಟು ತೋರಿಸಿದರೆ ‘ನಮಗ ಪ್ಲಾಸ್ಟಿಕ್ ಬ್ಯಾಡವಾ, ರೊಟ್ಟಿ ಬೇಕು’ ಅಂದರು. ಅವರ ಕಡೆ ಹೋಗಿ ನೋಡಿದರೆ ಲೆಕ್ಕ ಪೂರ್ತಿ ಉಲ್ಟಾ. ಅವರಿಗೆ ಮೆತ್ತಗಾಗುವ ಚಿಂತೆ ಇಲ್ಲ, ಅದೇ ದಿನ ಖರ್ಚಾಗುತ್ತದೆ. ಮುರಿದ ರೊಟ್ಟಿಯನ್ನು ಮಾತ್ರ ತಾಟಿಗೆ ಹಾಕುವಂತಿಲ್ಲ, ಗಿರಾಕಿ ಮುಖ ಸಿಂಡರಿಸುತ್ತಾನೆ. ಅಲ್ಲಿಗೆ ಈಗ ಅಗಲವಾದ ಬುಟ್ಟಿಯಲ್ಲಿ ಹೋಗುತ್ತದೆ, ಖಾಲಿ ಬುಟ್ಟಿ ಸಂಜೆ ವಾಪಸ್ ಬರುತ್ತದೆ. ರೊಟ್ಟಿ ಒಂದೇ, ತೊಂದರೆ ಎರಡು. ಮಷಿನ್ ತಂದಿದ್ದರೆ ಎರಡೂ ಹಾಗೇ ಉಳಿಯುತ್ತಿದ್ದವು, ಮೇಲೆ ಸಾಲದ ಕಂತು ಬೇರೆ. ನಾಳೆ ಬೇಡಿಕೆ ಹೆಚ್ಚಿ ಆಕೆ ಮಷಿನ್ ತಂದರೆ ತರಲಿ, ನನ್ನ ತಕರಾರಿಲ್ಲ. ಸದ್ಯಕ್ಕೆ ಆದ ಖರ್ಚು ಆಮೇಲೆ ಕೊಂಡ ಒಂದು ಸೀಲರ್, ಒಂದಿಷ್ಟು ಕವರು, ರಟ್ಟು.

ಮಾದರಿ ಅಂದ ಕೂಡಲೆ ನಮ್ಮವರು ಚೆಂದದ ಲೇಬಲ್, ಬಣ್ಣದ ಡಬ್ಬಿ ಮಾಡಿಸಲು ಹೊರಡುತ್ತಾರೆ. ಅದು ಬೇಕಿಲ್ಲ. ಆಪಲ್ ಕಂಪನಿಗಾಗಿ ಮೊದಲ ಮೌಸ್ ಮಾಡಲು ಕೂತವರು ಶುರು ಮಾಡಿದ್ದು ಬೆಣ್ಣೆ ಡಬ್ಬಿ ಮತ್ತು ರೋಲ್-ಆನ್ ಸೆಂಟಿನ ಬಾಟಲಿಯೊಳಗಿನ ಗುಂಡಿನಿಂದ. ಮಾದರಿ ಅಗ್ಗವಾಗಿದ್ದರೆ ಬಿಸಾಡಲು ಮನಸ್ಸು ಬರುತ್ತದೆ. ಐವತ್ತು ಸಾವಿರ ಸುರಿದು ಲೇಬಲ್ ಅಚ್ಚು ಹಾಕಿಸಿದವರು ಅದನ್ನೇ ಹಿಡಿದು ಜೋತುಬೀಳುತ್ತಾರೆ.

ಪಕ್ಕದ ಬಾಗಲಕೋಟೆ ಜಿಲ್ಲೆಯ ಕತೆಯೂ ಇದೇ. ಇಳಕಲ್ ಸೀರೆಗೆ ಆ್ಯಪ್ ಮಾಡುತ್ತೇನೆ ಅಂತ ಬರುವ ಹುಡುಗರು ಎಷ್ಟೋ ಜನ. ಒಬ್ಬರಾದರೂ ಕುಣಿ ಮಗ್ಗದ ಪಕ್ಕ ಒಂದು ಪೂರ್ತಿ ಸೀರೆ ಇಳಿಯುವವರೆಗೆ ಕೂತಿರುತ್ತಾರಾ? ಸೆರಗಿಗೆ ಬೇರೆ ಹಾಸು (ಮಗ್ಗಕ್ಕೆ ಹಾಕುವ ಉದ್ದದ ನೂಲು), ಒಡಲಿಗೆ ಬೇರೆ ಹಾಸು, ಎರಡನ್ನೂ ಕೊಂಡಿ ಹಾಕಿ ಜೋಡಿಸಬೇಕು. ಆ ಕೆಲಸಕ್ಕೆ ಹಿಡಿಯುವ ಹೊತ್ತು ಗೊತ್ತಿಲ್ಲದೆ ಆ್ಯಪಿನಲ್ಲಿ ‘ಮೂರು ದಿನದಲ್ಲಿ ಡೆಲಿವರಿ’ ಅಂತ ಹಾಕಿದರೆ ನೇಕಾರ ಏನು ಮಾಡಬೇಕು? ಗುಳೇದಗುಡ್ಡದ ಖಣದ ವಿಷಯ ಸ್ವಲ್ಪ ಬೇರೆ. ಕುಪ್ಪಸಕ್ಕೆ ಅಂತಲೇ ನೇಯುವ ಬಟ್ಟೆ ಅದು. ಕುಪ್ಪಸಕ್ಕೆ ಖಣ ಕೊಳ್ಳುವವರು ಕಡಿಮೆಯಾದ ಮೇಲೆ ಈಗ ಬ್ಯಾಗು, ಪರ್ಸು, ಮಕ್ಕಳ ಫ್ರಾಕು ಆಗಿ ಬರುತ್ತಿದೆ. ಒಳ್ಳೆಯದೇ. ಆದರೆ ಖಣ ತೆಳು ಬಟ್ಟೆ, ಒಳಗೆ ಗಟ್ಟಿ ಅಸ್ತರ್ ಕೊಡದಿದ್ದರೆ ಬ್ಯಾಗು ಜೋತುಬೀಳುತ್ತದೆ. ಇದು ಅಂಗಡಿಯಲ್ಲಿ ತೂಗುಹಾಕಿದಾಗ ಗೊತ್ತಾಗುವುದಿಲ್ಲ. ಅದರಲ್ಲಿ ಟಿಫಿನ್ ಡಬ್ಬಿ, ನೀರಿನ ಬಾಟಲಿ ಹಾಕಿಕೊಂಡು ಸಿಟಿ ಬಸ್ ಹತ್ತುವ ಹೆಣ್ಣುಮಗಳ ಜೊತೆ ಒಂದು ದಿನ ಓಡಾಡಿದರೆ ಗೊತ್ತಾಗುತ್ತದೆ.

ಒಣದ್ರಾಕ್ಷಿ ಬಗ್ಗೆಯೂ ಒಂದು ಮಾತು. ನಾಲ್ಕು ಕಿಲೋ ಹಣ್ಣು ಒಣಗಿಸಿದರೆ ಸುಮಾರು ಒಂದು ಕಿಲೋ ಒಣದ್ರಾಕ್ಷಿ. ಅದನ್ನು ನಮ್ಮ ರೈತರು ತಾಸಗಾಂವ್, ಸಾಂಗಲಿಗೆ ಒಯ್ದು ಮಾರುತ್ತಾರೆ. ‘ನಾವೇ ಬ್ರ್ಯಾಂಡ್ ಮಾಡೋಣ’ ಅಂತ ಪೌಚ್ ಅಚ್ಚು ಹಾಕಿಸಿದವರ ರಿಪೋರ್ಟ್ ಕೂಡ ನನ್ನ ಟೇಬಲ್ಲಿಗೆ ಬಂದಿವೆ. ಒಂದರಲ್ಲೂ ಕಿರಾಣಿ ಅಂಗಡಿಯ ಕಟ್ಟೆ ಮೇಲೆ ಕೂತು, ಯಾರು ಎಷ್ಟು ಗ್ರಾಂ ಕೊಳ್ಳುತ್ತಾರೆ, ಹಸಿರು ಕೇಳುತ್ತಾರೋ ಹಳದಿ ಕೇಳುತ್ತಾರೋ ಅಂತ ನೋಡಿ ಬರೆದ ಒಂದು ಸಾಲು ಇರಲಿಲ್ಲ.

ನೋಡಿದ ಮಾತ್ರಕ್ಕೆ ಎಲ್ಲಾ ಗೆಲ್ಲುತ್ತದೆ ಅಂತಲೂ ನಾನು ಹೇಳುತ್ತಿಲ್ಲ. ಗೋದ್ರೇಜ್‌ನವರು ಕರೆಂಟ್ ಸರಿಯಾಗಿಲ್ಲದ ಹಳ್ಳಿಗಳ ಬಡವರಿಗೆ ಅಂತ ‘ಛೋಟೂಕೂಲ್’ ಮಾಡಿದ್ದು ಕೆಲವರಿಗೆ ನೆನಪಿರಬಹುದು. ಕಂಪ್ರೆಸರ್ ಇಲ್ಲದ, ಬ್ಯಾಟರಿಯಲ್ಲೂ ನಡೆಯುವ, ಮೇಲಿನಿಂದ ತೆರೆಯುವ ಸಣ್ಣ ಫ್ರಿಜ್ಜು. ಹಳ್ಳಿಯ ಹೆಣ್ಣುಮಕ್ಕಳ ಜೊತೆ ಕೂತೇ ಮಾಡಿದ್ದು. ಆದರೂ ಅಂದುಕೊಂಡಷ್ಟು ಆ ಮನೆಗಳಿಗೆ ಹೋಗಲಿಲ್ಲ. ಕೊನೆಗೆ ಕಂಪನಿ ಪಟ್ಟಣದ ಗಿರಾಕಿಗಳ ಕಡೆ ತಿರುಗಬೇಕಾಯಿತು. ಅಷ್ಟು ದೊಡ್ಡ ಕಂಪನಿ ಆ ಪೆಟ್ಟು ತಡೆದುಕೊಂಡಿತು. ಮನೆ ಪತ್ರ ಅಡ ಇಟ್ಟು ಸಾಲ ತೆಗೆದವನು ತಡೆದುಕೊಳ್ಳುತ್ತಾನಾ? ನನ್ನ ಚಿಂತೆ ಅದು. ಪೆಟ್ಟು ಬೀಳುವುದಿದ್ದರೆ ಎರಡು ಸಾವಿರದ ಮಾದರಿಗೆ ಬೀಳಲಿ, ಐದು ಲಕ್ಷದ ಮಷಿನ್ನಿಗೆ ಬೇಡ.

ಇನ್ನು ನಮ್ಮ ಕಾಲೇಜುಗಳ ವಿಷಯ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 2021ರ ಪಠ್ಯಕ್ರಮದಲ್ಲಿ ಮೊದಲ ವರ್ಷದ ಇಂಜಿನಿಯರಿಂಗ್ ಮಕ್ಕಳಿಗೆ ‘ಇನ್ನೋವೇಶನ್ ಆ್ಯಂಡ್ ಡಿಸೈನ್ ಥಿಂಕಿಂಗ್’ ಅಂತ ಒಂದು ಪಾಠ ಇಟ್ಟಿತು. ಒಂದು ಕ್ರೆಡಿಟ್ಟಿನದು. ಇಟ್ಟದ್ದು ಸಂತೋಷ. ನಮ್ಮ ಮನೆಯ ಹುಡುಗಿ ಅದನ್ನು ಹೇಗೆ ಓದಿದಳು ಅಂದರೆ, ಐದು ಹೆಜ್ಜೆಗಳ ಹೆಸರು ಬಾಯಿಪಾಠ ಮಾಡಿದಳು, ಪರೀಕ್ಷೆಯಲ್ಲಿ ಸರಿ ಉತ್ತರಕ್ಕೆ ಗುರುತು ಹಾಕಿ ಬಂದಳು. ಒಳ್ಳೆಯ ಅಂಕವೂ ಬಂತು. ಆ ಪಾಠ ನಡೆದ ಅಷ್ಟೂ ದಿನ ಕಾಲೇಜಿನ ಗೇಟ್ ದಾಟಿ ಒಬ್ಬ ಗಿರಾಕಿಯ ಮುಖವನ್ನೂ ಅವಳು ನೋಡಲಿಲ್ಲ. ವಿಜಯಪುರದಲ್ಲಿ ಎಲ್‌ಬಿಎಸ್ ಮಾರ್ಕೆಟ್ ಇದೆ, ಎಪಿಎಂಸಿ ಇದೆ. ಬೆಳಗಾವಿಯಲ್ಲಿ ಉದ್ಯಮಬಾಗ್ ತುಂಬಾ ಫೌಂಡ್ರಿ, ವರ್ಕ್‌ಶಾಪ್‌ಗಳಿವೆ. ಪಾಠದ ಅರ್ಧವನ್ನಾದರೂ ಅಲ್ಲಿ ಮಾಡಬಾರದಾ? ಒಬ್ಬೊಬ್ಬ ವಿದ್ಯಾರ್ಥಿ ಒಬ್ಬೊಬ್ಬ ವ್ಯಾಪಾರಿಯ ಹತ್ತಿರ ಒಂದು ಸಂತೆ ದಿನ ಪೂರ್ತಿ ಸುಮ್ಮನೆ ನಿಂತು, ಕಂಡದ್ದನ್ನು ಬರೆದುಕೊಂಡು ಬರಲಿ. ಅಂಕ ಅದಕ್ಕೆ ಕೊಡಿ.

ಸಾಲದ ಕಡೆ ನನ್ನ ಬೇಡಿಕೆ ಒಂದೇ ಹಾಳೆಯದು. ಜಿಲ್ಲಾ ಕೈಗಾರಿಕಾ ಕೇಂದ್ರದವರು, ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವ ಲೀಡ್ ಬ್ಯಾಂಕಿನವರು ಕಿವಿ ಕೊಡಬೇಕು. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಮಷಿನ್ ಕೊಟೇಶನ್‌ಗಿಂತ ಮುಂದೆ ಒಂದು ಹಾಳೆ ಸೇರಿಸಿ. ಅದನ್ನು ಅರ್ಜಿದಾರರೇ ಕನ್ನಡದಲ್ಲಿ ಕೈಯಿಂದ ಬರೆಯಬೇಕು. ಟೈಪ್ ಮಾಡಿದ್ದು ನಡೆಯುವುದಿಲ್ಲ ಅನ್ನಿ. ನಿಮ್ಮ ಮಾಲನ್ನು ಬಳಸುವ ಯಾರ ಮನೆಗೆ, ಯಾವ ಅಂಗಡಿಗೆ ಹೋಗಿ ನೋಡಿದಿರಿ? ಅವರು ಈಗ ಏನು ಬಳಸುತ್ತಿದ್ದಾರೆ, ಅದರಲ್ಲಿ ಎಲ್ಲಿ ಬೇಸರ ಮಾಡಿಕೊಳ್ಳುತ್ತಾರೆ? ನೀವು ಮಾದರಿ ಮಾಡಿ ಕೊಟ್ಟಿರಾ? ಕೊಟ್ಟ ಮೇಲೆ ಅವರು ಅದನ್ನು ಖಾಲಿ ಮಾಡಿದರಾ, ಮೂಲೆಗಿಟ್ಟರಾ? ಎರಡನೇ ಸಲ ದುಡ್ಡು ಕೊಟ್ಟು ತೆಗೆದುಕೊಂಡವರು ಯಾರು? ಇಷ್ಟು ಸಾಕು. ಶೆಡ್ ನೋಡಲು ಹೋಗುವ ಫೀಲ್ಡ್ ಆಫೀಸರ್ ಆ ಹಾಳೆಯಲ್ಲಿರುವ ಒಬ್ಬ ಗಿರಾಕಿಯನ್ನೂ ಕಂಡು ಬರಲಿ.

ಹಳೆಯ ಸಹೋದ್ಯೋಗಿಯೊಬ್ಬರ ಮುಂದೆ ಇದನ್ನು ಹೇಳಿದೆ. ‘ಮಾರ್ಚ್ ಎಂಡಿಂಗ್‌ನ್ಯಾಗ ಟಾರ್ಗೆಟ್ ಮುಟ್ಟಿಸೋದು ಬಿಟ್ಟು ಯಾರ್ ಓದ್ತಾರೋ ಮಾರಾಯಾ ನಿನ್ನ ಹಾಳಿ? ಅದನ್ನೂ ಕಾಪಿ ಹೊಡೀತಾರ’ ಅಂದರು. ಇರಬಹುದು. ಆದರೆ ಅದೇ ಸಹೋದ್ಯೋಗಿ ಕಂತು ಕಟ್ಟದವರ ಮನೆ ಬಾಗಿಲಿಗೆ ಅಲೆದು ಚಪ್ಪಲಿ ಸವೆಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಅಲೆದಾಟದ ಕಾಲು ಭಾಗವನ್ನು ಸಾಲ ಕೊಡುವ ಮೊದಲು ಗಿರಾಕಿಯ ಕಡೆ ಅಲೆದರೆ ಬ್ಯಾಂಕಿಗೇ ಲಾಭ. ಕಾಪಿ ಹೊಡೆಯುವವರು ಇದ್ದೇ ಇರುತ್ತಾರೆ. ಆದರೆ ಸಿಂದಗಿಯ ಗಿರಾಕಿಯ ಹೆಸರು, ಅಂಗಡಿ, ಓಣಿಯನ್ನು ಮಂಗಳೂರಿನ ರಿಪೋರ್ಟಿನಿಂದ ಕಾಪಿ ಹೊಡೆಯಲು ಆಗುವುದಿಲ್ಲವಲ್ಲ.

ದುಡ್ಡಿನ ಮಾತೂ ಇದೆ. ಪಿಎಂಎಫ್‌ಎಂಇಯಲ್ಲಿ ಮೂಲ ಸಬ್ಸಿಡಿ ಶೇ 35, ಗರಿಷ್ಠ 10 ಲಕ್ಷ. ಇದು ಸಾಲದ ಜೊತೆ ಬರುವಂಥದ್ದು. ಸಾಲ ತೆಗೆದ ಮೇಲೆ ಸಿಗುವ ಸಬ್ಸಿಡಿಯಿಂದ ಸಾಲಕ್ಕೆ ಮೊದಲು ಮಾಡಬೇಕಾದ ಮಾದರಿಗೆ ಏನು ಉಪಯೋಗ? ಅದೇ ಯೋಜನೆಯಲ್ಲಿ ಸ್ವಸಹಾಯ ಸಂಘದ ಸದಸ್ಯರಿಗೆ ಸಣ್ಣ ಸಲಕರಣೆ, ದುಡಿಯುವ ಬಂಡವಾಳಕ್ಕೆ ಅಂತ ತಲಾ 40 ಸಾವಿರದವರೆಗೆ ಬೀಜ ಬಂಡವಾಳ ಕೊಡುವ ಅವಕಾಶ ಇದೆ. ನನಗೆ ಆ ಯೋಜನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯದು ಅನಿಸಿದ್ದು ಅದೇ. ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನರಿಗೆ ಅದು ಇರುವುದೇ ಗೊತ್ತಿಲ್ಲ. ಮಷಿನ್ ಏಜೆಂಟರು ಅದರ ಬಗ್ಗೆ ಬಾಯಿ ಬಿಡುವುದಿಲ್ಲ, ಯಾಕೆ ಬಿಡುತ್ತಾರೆ? ಸಂಘದಲ್ಲಿ ಇಲ್ಲದ ಒಬ್ಬಂಟಿ ಹುಡುಗ ಹುಡುಗಿಯರಿಗೂ ಹತ್ತಿಪ್ಪತ್ತು ಸಾವಿರದ ಮಾದರಿ ಹಣ, ಸಾಲದ ಗೊಡವೆ ಇಲ್ಲದೆ ಸಿಗುವಂತಾಗಲಿ. ಹತ್ತು ಜನರಲ್ಲಿ ಏಳು ಜನ ಮಾದರಿ ಮಾಡಿ, ಇದು ನಡೆಯುವುದಿಲ್ಲ ಅಂತ ಬಿಟ್ಟರೂ ಸರ್ಕಾರಕ್ಕೆ ಒಂದು ಬೀಗ ಹಾಕಿದ ಶೆಡ್ಡಿನಷ್ಟೂ ಖರ್ಚು ಬರುವುದಿಲ್ಲ.

ಕಾರ್ಯಾಗಾರ ಮಾಡುವವರಿಗೂ ಒಂದು ವಿನಂತಿ. ಮುಂದಿನ ಸಲ ಮೊದಲ ದಿನ ಹಾಲ್ ಬುಕ್ ಮಾಡಬೇಡಿ. ಎಲ್ಲರನ್ನೂ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಕರೆಸಿ, ಅಲ್ಲಿಂದ ಒಬ್ಬೊಬ್ಬರನ್ನು ಒಂದೊಂದು ಕಡೆ ಕಳಿಸಿ. ಚೀಟಿ, ಶಾಲು, ಹಾರ ಎರಡನೇ ದಿನಕ್ಕೆ ಇರಲಿ.

ನಾನು ಹೇಳಿದ ಆ ಹಾಳೆಯನ್ನು ಒಂದು ನಮೂನೆ ಬರೆದು ಇಟ್ಟಿದ್ದೇನೆ. ಯಾವ ಬ್ಯಾಂಕಿನವರಿಗಾದರೂ, ಸಂಘದವರಿಗಾದರೂ ಬೇಕಿದ್ದರೆ ನಿಮ್ಮ ಪತ್ರಿಕೆಯ ಕಚೇರಿಗೆ ಪ್ರತಿ ತಂದುಕೊಡುತ್ತೇನೆ. ಜೆರಾಕ್ಸ್ ಖರ್ಚು ನನ್ನದು.

ಇಂತಿ,
ಒಬ್ಬ ನಿವೃತ್ತ ಬ್ಯಾಂಕ್ ನೌಕರ, ವಿಜಯಪುರ